ಅರ್ಧ ಮಿಲ್ಲಿಮೀಟರು

ಸವಳಂಗದ ನಮ್ಮ ಮನೆಯ ಹಿತ್ತಲಿನಲ್ಲಿ ಒಂದು ಕಬ್ಬಿಣದ ಬಿಲ್ಲೆ ಇದೆ. ಅಗಲದಲ್ಲಿ ರೊಟ್ಟಿಯ ಹಂಚಿಗಿಂತ ದೊಡ್ಡದು, ಹೆಬ್ಬೆರಳಿನಷ್ಟು ದಪ್ಪ. ನಡುವೆ ದೊಡ್ಡ ತೂತು, ಸುತ್ತ ಅಂಚಿನಲ್ಲಿ ಸಣ್ಣ ತೂತುಗಳು. ರಾತ್ರಿ ಕೋಳಿಗೂಡಿನ ಬಾಗಿಲಿಗೆ ಅದನ್ನು ಒತ್ತಾಗಿ ಇಡುವುದು ಅಮ್ಮಿಯ ರೂಢಿ. ಗುಜರಿಯವರು ಎಷ್ಟೋ ಸಲ ತೂಕಕ್ಕೆ ಕೇಳಿದ್ದಾರೆ. ಅಬ್ಬಾ ಇರುವ ತನಕ ಅವರು ಕೊಡಲಿಲ್ಲ. ಅವರು ತೀರಿಕೊಂಡ ಮೇಲೆ ನಾನೂ ಕೊಡಲಿಲ್ಲ. ಆ ಬಿಲ್ಲೆಯಲ್ಲಿ ಅರ್ಧ ಮಿಲ್ಲಿಮೀಟರಿನ ಒಂದು ತಪ್ಪು ಇದೆ.

ಅಬ್ಬಾ ಲಾರಿ ಮಿಸ್ತ್ರಿ. ಉರ್ದು ಶಾಲೆಯಲ್ಲಿ ನಾಲ್ಕನೆಯ ಜಮಾತಿನ ತನಕ ಓದಿ, ಶಿವಮೊಗ್ಗದ ಒಂದು ಗ್ಯಾರೇಜಿನಲ್ಲಿ ಉಸ್ತಾದರ ಕೈಕೆಳಗೆ ಪಾನಾ ಹಿಡಿಯುವುದನ್ನು ಕಲಿತು, ಸವಳಂಗದಲ್ಲಿ ಸ್ವಂತ ತಗಡಿನ ಶೆಡ್ಡು ಹಾಕಿದರು. ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೋಗುವ ರಸ್ತೆಗೆ ನ್ಯಾಮತಿ, ಹೊನ್ನಾಳಿ ಕಡೆಯ ರಸ್ತೆ ಬಂದು ಸೇರುವ ಊರು ಇದು. ರಸ್ತೆ ಕೂಡುವಲ್ಲಿ ಲಾರಿ ಕೆಡುತ್ತವೆ, ಲಾರಿ ಕೆಡುವಲ್ಲಿ ಒಬ್ಬ ಸಾಬ್ರು ಇರುತ್ತಾರೆ ಎಂದು ಅಬ್ಬಾ ನಗುತ್ತಿದ್ದರು. ಮುಸ್ಲಿಮರು ಸಂಬಳದ ಕೆಲಸಕ್ಕಿಂತ ಸ್ವಂತ ಕಸುಬುಗಳಲ್ಲೇ ಹೆಚ್ಚು ಎಂದು 2006ರಲ್ಲಿ ಸಾಚಾರ್ ಸಮಿತಿ ಅಂಕಿಅಂಶಗಳೊಡನೆ ಹೇಳಿತು. ನಮ್ಮ ಮನೆಯಲ್ಲಿ ಅದಕ್ಕೆ ಸಮಿತಿ ಬೇಕಿರಲಿಲ್ಲ. ಅಬ್ಬಾನ ಉಗುರಿನ ಸಂದಿಯ ಗ್ರೀಸು ನೋಡಿದರೆ ಸಾಕಿತ್ತು.

1997ರ ಮಾತು. ನಾನು ಎಸ್.ಎಸ್.ಎಲ್.ಸಿ.ಯಲ್ಲಿದ್ದೆ. ಆ ವರ್ಷ ಆಗಸ್ಟ್ 15ಕ್ಕೆ ದಾವಣಗೆರೆ ಹೊಸ ಜಿಲ್ಲೆಯಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿದ್ದ ನಮ್ಮ ಹೊನ್ನಾಳಿ ತಾಲ್ಲೂಕನ್ನು ಅದಕ್ಕೆ ಸೇರಿಸಿದರು. ಆಸ್ಪತ್ರೆ, ಸಂತೆ, ಸಿನಿಮಾ, ಲೇತು ಎಲ್ಲಕ್ಕೂ ಶಿವಮೊಗ್ಗಕ್ಕೇ ಓಡುವ ಸವಳಂಗದವರು ಕಾಗದಪತ್ರಕ್ಕೆ ಮಾತ್ರ ಅತ್ತ ದಾವಣಗೆರೆಗೆ ಹೋಗಬೇಕಾಯಿತು. 'ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ' ಎಂದು ಅಬ್ಬಾ ಚಹಾದ ಅಂಗಡಿಯಲ್ಲಿ ಹೇಳಿದ ಮಾತು ಊರಲ್ಲಿ ಸ್ವಲ್ಪ ದಿನ ಓಡಾಡಿತು. ಆ ಮಾತು ಅವರ ಬಾಯಿಗೆ ಬರಲು ಕಾರಣವಿತ್ತು. ಆಗ ನಮ್ಮ ಶೆಡ್ಡಿನಲ್ಲಿ ಅಂಥದೇ ಒಂದು ಲಾರಿ ನಿಂತಿತ್ತು.

ಅದು ಊರಿನ ಗೌಡರೊಬ್ಬರ ಫಾರ್ಗೋ. ಈಗಿನ ಹುಡುಗರಿಗೆ ಆ ಹೆಸರೇ ಗೊತ್ತಿಲ್ಲ. ಫಾರ್ಗೋ ಎಂಬುದು ಅಮೆರಿಕದ ಕ್ರೈಸ್ಲರ್ ಕಂಪನಿಯ ಲಾರಿಯ ಹೆಸರು. ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್‌ನವರು ಡಾಡ್ಜ್, ಫಾರ್ಗೋ ಹೆಸರಿನಲ್ಲಿ ಅವನ್ನು ನಮ್ಮ ದೇಶದಲ್ಲಿ ಜೋಡಿಸಿ ಮಾರಿದರು. ಗೌಡರ ಲಾರಿಗೆ ಇದ್ದದ್ದು ಪರ್ಕಿನ್ಸ್ ಡೀಸೆಲ್ ಎಂಜಿನ್ನು. ಇಂಗ್ಲೆಂಡಿನ ಆ ಎಂಜಿನ್ನುಗಳನ್ನು ಮದರಾಸಿನ ಸಿಂಪ್ಸನ್ ಕಂಪನಿ ಇಲ್ಲೇ ತಯಾರಿಸುತ್ತಿತ್ತು. ಎಂಜಿನ್ನು ಗಟ್ಟಿಯಾಗಿತ್ತು, ಚಾಸಿಗೆ ಏನೂ ಆಗಿರಲಿಲ್ಲ. ಗೇರ್‌ಬಾಕ್ಸಿನ ಹೊರಕವಚ ಮಾತ್ರ ಸೀಳಿ, ಒಳಗಿನ ಹಲ್ಲುಗಳು ಪುಡಿಯಾಗಿದ್ದವು. ಫಾರ್ಗೋ ಲಾರಿಗಳು ರಸ್ತೆಯಿಂದ ಮರೆಯಾಗಿ ಕಾಲವಾಗಿತ್ತು. ಬೆಂಗಳೂರಿನ ಕಲಾಸಿಪಾಳ್ಯ, ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಎಲ್ಲ ತಿರುಗಿದರೂ ಅದರ ಗೇರ್‌ಬಾಕ್ಸು ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಟಾಟಾ 1210ರ ಗೇರ್‌ಬಾಕ್ಸು.

'ಇದನ್ನೇ ಕೂರಿಸಿ ಸಾಬ್ರೇ. ಲಾರಿ ಗುಜರಿಗೆ ಹಾಕಿದ್ರೆ ನನ್ನ ಬ್ಯಾಂಕ್ ಸಾಲ ಯಾರು ತೀರಿಸ್ತಾರೆ?' ಎಂದರು ಗೌಡರು.

'ಕೂರೋದು ಕೂರುತ್ತೆ ಗೌಡ್ರೇ. ಓಡಬೇಕಲ್ಲ' ಎಂದರು ಅಬ್ಬಾ.

ಕಂಪನಿ ಬೇರೆ ಎಂಬುದಷ್ಟೇ ಅಲ್ಲ, ಅಳತೆಯ ಲೋಕವೇ ಬೇರೆ. ಫಾರ್ಗೋ, ಪರ್ಕಿನ್ಸ್ ಎರಡೂ ಇಂಚಿನ ಲೆಕ್ಕದವು. ಟಾಟಾ ಲಾರಿ ಹುಟ್ಟಿದ್ದು 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಮಾಡಿಕೊಂಡ ಒಪ್ಪಂದದಿಂದ. ಆ ಒಪ್ಪಂದ 1969ಕ್ಕೆ ಮುಗಿದರೂ ಲಾರಿಯ ಒಡಲಲ್ಲಿ ಜರ್ಮನರ ಮಿಲ್ಲಿಮೀಟರು ಉಳಿಯಿತು. ಇಂಚಿನ ಬೋಲ್ಟು ಮಿಲ್ಲಿಮೀಟರಿನ ನಟ್ಟಿಗೆ ಎರಡು ಸುತ್ತು ಹೋಗಿ ನಿಲ್ಲುತ್ತದೆ. ಆಮೇಲೂ ತಿರುಗಿಸಿದರೆ ಎರಡರ ಥ್ರೆಡ್ಡೂ ಸಾಯುತ್ತದೆ.

ಕ್ಲಚ್ಚಿನ ಕೆಲಸ ಏನೆಂದು ಲಾರಿಯ ಹತ್ತಿರ ಸುಳಿಯದವರಿಗೆ ಎರಡು ಮಾತಿನಲ್ಲಿ ಹೇಳಬೇಕು. ಎಂಜಿನ್ನಿನ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರ ಸದಾ ತಿರುಗುತ್ತಿರುತ್ತದೆ. ಗೇರ್‌ಬಾಕ್ಸಿನಿಂದ ಒಂದು ಶಾಫ್ಟು ಅದರ ಕಡೆಗೆ ಚಾಚಿರುತ್ತದೆ. ಇವೆರಡರ ನಡುವೆ ಕ್ಲಚ್ ಪ್ಲೇಟು. ಪೆಡಲ್ ಬಿಟ್ಟಾಗ ಸ್ಪ್ರಿಂಗುಗಳ ಬಲ ಪ್ಲೇಟನ್ನು ಚಕ್ರಕ್ಕೆ ಒತ್ತಿ ಹಿಡಿಯುತ್ತದೆ, ಎರಡೂ ಒಟ್ಟಿಗೆ ತಿರುಗುತ್ತವೆ. ಪೆಡಲ್ ಒತ್ತಿದರೆ ಬಿಡಿಸಿಕೊಳ್ಳುತ್ತವೆ. ಆಗಲೇ ಗೇರು ಬದಲಿಸಬೇಕು. ಶಾಫ್ಟಿನ ಮುಂತುದಿ ಎಂಜಿನ್ನಿನ ಹಿಂಬದಿಯ ನಟ್ಟನಡುವೆ ಒಂದು ಸಣ್ಣ ಬುಷ್ಷಿನೊಳಗೆ ಕೂತಿರುತ್ತದೆ. ಹಾಗಾಗಿ ಎಂಜಿನ್ನಿನ ನಡುವೂ ಗೇರ್‌ಬಾಕ್ಸಿನ ನಡುವೂ ಒಂದೇ ಗೆರೆಯಲ್ಲಿ ಇರಬೇಕು. ಕಾಲು ಮಿಲ್ಲಿಮೀಟರು ಆಚೀಚೆಯಾದರೂ ಮುಂದೆ ತೊಂದರೆ ತಪ್ಪದು.

ಅಬ್ಬಾ ಹದಿನೈದು ದಿನ ಆ ಲಾರಿಯ ಕೆಳಗೆ ಮಲಗಿದ್ದರು. ಕ್ಲಚ್ ಪ್ಲೇಟಿನ ಹೊರಸುತ್ತು ಫಾರ್ಗೋ ಚಕ್ರಕ್ಕೆ ಹೊಂದಬೇಕು, ಒಳಗಿನ ಹಲ್ಲು ಟಾಟಾ ಶಾಫ್ಟಿಗೆ ಹೊಂದಬೇಕು. ಅಂಥ ಪ್ಲೇಟನ್ನು ಯಾವ ಕಂಪನಿಯೂ ಮಾಡುವುದಿಲ್ಲ. ಅಬ್ಬಾ ಫಾರ್ಗೋ ಪ್ಲೇಟಿನ ನಡುವಿನ ಹಬ್ಬನ್ನು ಬಿಚ್ಚಿ, ಅಲ್ಲಿ ಟಾಟಾ ಹಬ್ಬನ್ನು ಇಟ್ಟು ರಿವೆಟ್ ಹೊಡೆದರು. ಶಾಫ್ಟಿನ ತುದಿಗೆ ಗನ್‌ಮೆಟಲ್ ಬುಷ್ಷು ಮಾಡಿಸಿದರು. ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕೊಯ್ದು ಗಿಡ್ಡ ಮಾಡಿ ಬೆಸುಗೆ ಹಾಕಿಸಿದರು. ಗೇರಿನ ಕೋಲು ಬೇರೆ ಜಾಗದಲ್ಲಿ ಮೇಲೆದ್ದದ್ದರಿಂದ ಕ್ಯಾಬಿನ್ನಿನ ಹಲಗೆಗೆ ಹೊಸ ಕಂಡಿ ಕೊರೆದು, ಹಳೆಯ ಕಂಡಿಗೆ ಗೋಣಿಚೀಲ ತುರುಕಿದರು. ಉಳಿದದ್ದು ಒಂದೇ. ಎಂಜಿನ್ನಿನ ಹೌಸಿಂಗಿನ ತೂತುಗಳಿಗೂ ಗೇರ್‌ಬಾಕ್ಸಿನ ತೂತುಗಳಿಗೂ ತಾಳೆಯಾಗುತ್ತಿರಲಿಲ್ಲ. ಎರಡರ ನಡುವೆ ಒಂದು ಕಬ್ಬಿಣದ ಬಿಲ್ಲೆ ಬೇಕಿತ್ತು. ಅದರಲ್ಲಿ ಒಂದು ಕಡೆಯ ತೂತುಗಳು ಇಂಚಿನವು, ಇನ್ನೊಂದು ಕಡೆಯವು ಮಿಲ್ಲಿಮೀಟರಿನವು. ಬೋಲ್ಟುಗಳು ಬರಿಯ ಬಿಗಿತಕ್ಕೆ. ಗೇರ್‌ಬಾಕ್ಸು ನಡುಮಧ್ಯಕ್ಕೆ ಕೂರುವಂತೆ ಹಿಡಿಯುವುದು ಡೋವೆಲ್ ಎಂಬ ಎರಡು ಗಟ್ಟಿ ಕಡ್ಡಿಗಳು. ಆ ಡೋವೆಲ್‌ಗಳ ಜಾಗ ಸರಿಯಾಗಿ ಬೀಳಬೇಕು.

ಭದ್ರಾವತಿಯ ಉಕ್ಕಿನ ಒಂದು ತುಂಡನ್ನು ಅಬ್ಬಾ ಹೇಗೋ ಸಂಪಾದಿಸಿದ್ದರು. ಅದನ್ನು ಶಿವಮೊಗ್ಗದ ಲೇತಿಗೆ ತೆಗೆದುಕೊಂಡು ಹೋಗುವ ಕೆಲಸ ನನ್ನದು. ಅಬ್ಬಾ ಲಾರಿಯ ಕೆಳಗಿನಿಂದಲೇ ಅಳತೆಗಳನ್ನು ಕೂಗಿದರು, ನಾನು ಬರೆದುಕೊಂಡೆ. ಅವರಿಗೆ ಉರ್ದು ಬರೆಯಲು ಬರುತ್ತಿತ್ತು, ಲೇತಿನವರಿಗೆ ಉರ್ದು ಓದಲು ಬರುತ್ತಿರಲಿಲ್ಲ. ಏಳನೆಯವರೆಗೆ ಉರ್ದು ಶಾಲೆಯಲ್ಲೂ ಆಮೇಲೆ ಕನ್ನಡ ಹೈಸ್ಕೂಲಿನಲ್ಲೂ ಓದಿದ ನಾನು ಮನೆಯ ದುಭಾಷಿ. ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಬ್ಯಾಂಕಿನ ನೋಟೀಸು ಎಲ್ಲ ನನ್ನ ಕೈಯಿಂದಲೇ ದಾಟುತ್ತಿದ್ದವು. ನನಗೆ ಅದರ ಹಮ್ಮೂ ಇತ್ತು.

ಅಬ್ಬಾನ ಅಳತೆ ಇಂಚು ಮತ್ತು ನೂಲಿನದು. ಎಂಟು ನೂಲಿಗೆ ಒಂದು ಇಂಚು. ಬಡಗಿಗಳು, ಗಾರೆಯವರು, ಹಳೆಯ ಮಿಸ್ತ್ರಿಗಳು ಎಲ್ಲರದೂ ಅದೇ ಲೆಕ್ಕ. ಬಿಲ್ಲೆಯ ನಡುವಿನಿಂದ ಡೋವೆಲ್‌ಗಳ ಗೆರೆಗೆ 'ಐದು ಇಂಚು ಮೂರು ನೂಲು' ಎಂದರು.

ಲೇತಿನವರು ಐ.ಟಿ.ಐ. ಮುಗಿಸಿದ ಹುಡುಗ. ಚೀಟಿ ನೋಡಿ, 'ನೂಲು ಗೀಲು ನಂಗೊತ್ತಿಲ್ಲ. ಮಿಲ್ಲಿಮೀಟರಲ್ಲಿ ಎಷ್ಟು ಹೇಳು' ಎಂದರು. ನಾನು ಅಲ್ಲೇ ಲೆಕ್ಕ ಹಾಕಿದೆ. ಇಂಚಿಗೆ 25.4. ಐದು ಇಂಚಿಗೆ 127. ನೂಲಿಗೆ ಮೂರು, ಮೂರು ನೂಲಿಗೆ ಒಂಬತ್ತು. ಒಟ್ಟು 136. ಚೀಟಿಯಲ್ಲಿ ಅಬ್ಬಾನ ಅಳತೆಗೆ ಅಡ್ಡಗೀಟು ಎಳೆದು ದೊಡ್ಡದಾಗಿ 136 ಎಂದು ಬರೆದೆ. ನೂಲೆಂದರೆ ಮೂರು ಮಿಲ್ಲಿಮೀಟರು ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕದ ಪ್ರಕಾರ ಅದು 3.175. ಮೂರು ನೂಲಿಗೆ ಒಂಬತ್ತೂವರೆ. ಆ ಅರ್ಧವನ್ನು ನಾನು ಲೇತಿನ ಮುಂದೆ ನಿಂತು ಕೈಬಿಟ್ಟೆ.

ಬಿಲ್ಲೆ ಬಂತು. ಬೋಲ್ಟುಗಳು ಕೂತವು, ಡೋವೆಲ್‌ಗಳು ಸಲೀಸಾಗಿ ಹೋದವು. ಎರಡು ಡೋವೆಲ್‌ಗಳೂ ಒಂದೇ ಅಳತೆಯಷ್ಟು ಸರಿದಿದ್ದರಿಂದ ಏನೂ ಅಡ್ಡ ಬರಲಿಲ್ಲ. ಇಡೀ ಗೇರ್‌ಬಾಕ್ಸು ಇರಬೇಕಾದ ಜಾಗಕ್ಕಿಂತ ಅರ್ಧ ಮಿಲ್ಲಿಮೀಟರು ಸರಿದು ಕೂತಿತು, ಅಷ್ಟೆ. ಎಲ್ಲಾದರೂ ತಡೆದಿದ್ದರೆ ಅಬ್ಬಾ ಸುತ್ತಿಗೆ ಕೆಳಗಿಟ್ಟು ಮತ್ತೆ ಅಳೆಯುತ್ತಿದ್ದರು. ಗೌಡರ ಬ್ಯಾಂಕ್ ಕಂತಿನ ದಿನ ಹತ್ತಿರ ಬಂದಿತ್ತು. ಅಂಥ ಜೋಡಣೆಗೆ ಡಯಲ್ ಗೇಜು ಹಚ್ಚಿ ನೋಡಬೇಕೆಂದು ಅಬ್ಬಾಗೆ ಗೊತ್ತಿತ್ತು. ಗೇಜು ನಮ್ಮಲ್ಲಿರಲಿಲ್ಲ, ತರಿಸಲು ಎರಡು ದಿನ ಬೇಕಿತ್ತು. ತರಿಸಲಿಲ್ಲ.

ಲಾರಿ ಹೊರಟ ದಿನ ಊರೇ ನೋಡಲು ಬಂದಿತ್ತು. ಅಮೆರಿಕದ ಮೈ, ಇಂಗ್ಲೆಂಡಿನ ಎದೆ, ಜರ್ಮನಿಯ ಹೊಟ್ಟೆ, ಸವಳಂಗದ ಸಾಬ್ರ ಹೊಲಿಗೆ ಎಂದು ಹೈಸ್ಕೂಲಿನ ಮೇಷ್ಟ್ರೊಬ್ಬರು ತಮಾಷೆ ಮಾಡಿದರು. ಆರ್.ಸಿ. ಪುಸ್ತಕದಲ್ಲಿ ಚಾಸಿ ನಂಬರು ಇರುತ್ತದೆ, ಎಂಜಿನ್ ನಂಬರು ಇರುತ್ತದೆ. ಗೇರ್‌ಬಾಕ್ಸಿನ ಊರುಕೇರಿ ಯಾರೂ ಕೇಳುವುದಿಲ್ಲ. ಹಾಗಾಗಿ ಕಾಗದದಲ್ಲಿ ಅದು ಫಾರ್ಗೋ ಆಗಿಯೇ ಉಳಿಯಿತು.

ಒಂದು ತಿಂಗಳು ಚೆನ್ನಾಗಿ ಓಡಿತು. ಆಮೇಲೆ ಕ್ಲಚ್ ಬಿಡುವಾಗ ಲಾರಿ ನಡುಗತೊಡಗಿತು. ಟಾಪ್ ಗೇರು ತಾನಾಗಿ ಹಾರಿ ನ್ಯೂಟ್ರಲ್ಲಿಗೆ ಬರತೊಡಗಿತು. ಡ್ರೈವರಣ್ಣ ಗೇರಿನ ಕೋಲಿಗೆ ಟ್ಯೂಬಿನ ರಬ್ಬರ್ ಕಟ್ಟಿ ಸೀಟಿಗೆ ಬಿಗಿದುಕೊಂಡು ಓಡಿಸಿದರು. ಅಬ್ಬಾಗೆ ಹೇಳಿದಾಗ, 'ಈ ಟ್ರಿಪ್ ಮುಗಿಸಿ ಬನ್ನಿ, ಇಳಿಸಿ ನೋಡೋಣ' ಎಂದರು.

ಆ ಟ್ರಿಪ್ಪು ಕುಂದಾಪುರಕ್ಕೆ. ಹೋಗುವಾಗ ಅಕ್ಕಿ, ಬರುವಾಗ ಹೆಂಚು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಭಾರದ ಲಾರಿ ಬಿಡುವುದಿಲ್ಲ. ನಮ್ಮ ಕಡೆಯ ಲಾರಿಗಳು ಹುಲಿಕಲ್ ಘಾಟಿ ಇಳಿಯುತ್ತವೆ. ಘಾಟಿಯ ಚಂಡಿಕಾಂಬೆ ಗುಡಿಯ ಮುಂದೆ ಯಾವ ಜಾತಿಯ ಡ್ರೈವರಾದರೂ ಒಂದು ಗಳಿಗೆ ನಿಂತು ಕಾಸು ಹಾಕುವುದುಂಟು. ಇವರೂ ಹಾಕಿದರು. ಇಳಿಜಾರಿನಲ್ಲಿ ಥರ್ಡ್ ಗೇರು ಹಾರಿತು. ಡ್ರೈವರಣ್ಣ ಕ್ಲಚ್ ಒತ್ತಿ ಮತ್ತೆ ಹಾಕಲು ನೋಡಿದರೆ ಗೇರು ಬೀಳಲಿಲ್ಲ. ಓರೆಯಾಗಿ ತಿರುಗಿ ತಿರುಗಿ ಕಾದ ಗನ್‌ಮೆಟಲ್ ಬುಷ್ಷು ಶಾಫ್ಟನ್ನು ಕಚ್ಚಿ ಹಿಡಿದಿತ್ತು. ಪೆಡಲ್ ಒತ್ತಿದರೂ ಶಾಫ್ಟು ಎಂಜಿನ್ನಿನ ಜೊತೆಯೇ ತಿರುಗುತ್ತಿತ್ತು. ಬ್ರೇಕು ಕಾದು ಸೋತಿತು. ಅವರು ಲಾರಿಯನ್ನು ಕಣಿವೆಯ ಕಡೆ ಬಿಡದೆ ಗುಡ್ಡದ ಕಡೆ ಚರಂಡಿಗೆ ಗುದ್ದಿಸಿದರು. ಅವರಿಗೆ ತರಚು ಗಾಯವಾಯಿತು. ಎಡಗಡೆ ಕೂತಿದ್ದ ಕ್ಲೀನರ್ ಹುಡುಗನ ಕಾಲು ಬಾಗಿಲಿನ ನಡುವೆ ಸಿಕ್ಕಿ ಎರಡು ಕಡೆ ಮುರಿಯಿತು.

ಆ ಹುಡುಗ ಸೂರಗೊಂಡನಕೊಪ್ಪದ ಕಡೆಯ ತಾಂಡಾದವನು. ಎಂಟನೆಯ ಕ್ಲಾಸಿನಲ್ಲಿ ನನ್ನ ಬೆಂಚಿನಲ್ಲೇ ಕೂರುತ್ತಿದ್ದ. ಓದು ಬಿಟ್ಟು ಲಾರಿ ಹತ್ತಿದ್ದ.

ಲಾರಿಯನ್ನು ಎಳೆದುಕೊಂಡು ಬಂದರು. ನೋಡಲು ಬಂದವರೆಲ್ಲ 'ಅಲ್ಲಾ ಕಾಪಾಡಿದ', 'ದೇವಿ ಉಳಿಸಿದಳು' ಎಂದರು. ಅಬ್ಬಾ ಹೇಳಿದ್ದು ಇಷ್ಟು: 'ಒಂಟೆ ಕಟ್ಟಿ ಆಮೇಲೆ ತವಕ್ಕುಲ್ ಅಂತಾರೆ. ಕಟ್ಟೋದು ನಮ್ಮ ಕೆಲಸ. ನಾನು ಹಾಕಿದ ಗಂಟು ಸಡಿಲ ಇತ್ತು.' ಶಿವಮೊಗ್ಗದಿಂದ ಡಯಲ್ ಗೇಜು ಎರವಲು ತಂದು, ಬಿಲ್ಲೆಯನ್ನು ಕೂರಿಸಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ ಮುಳ್ಳು ನೋಡಿದರು. ನಡು ತಪ್ಪಿದರೆ ಗೇಜಿನ ಮುಳ್ಳು ತಪ್ಪಿದ್ದರ ಎರಡರಷ್ಟು ಓಡುತ್ತದೆ. ಮುಳ್ಳು ಒಂದು ಮಿಲ್ಲಿಮೀಟರು ಓಡಿತು. ಅಂದರೆ ತಪ್ಪು ಅರ್ಧ. ಚೀಟಿ ಎಲ್ಲಿ ಎಂದು ಕೇಳಿದರು. ಜ್ಯಾಮಿಟ್ರಿ ಬಾಕ್ಸಿನಿಂದ ತೆಗೆದುಕೊಟ್ಟೆ. ಕನ್ನಡ ಓದಲು ಬರದಿದ್ದರೂ ಅಂಕಿ ಓದಲು ಅವರಿಗೆ ಬರುತ್ತಿತ್ತು. ಅಡ್ಡಗೀಟು ಹಾಕಿದ ಅಳತೆ, ಅದರ ಪಕ್ಕ ನನ್ನ ದುಂಡು ಬರಹದ 136. ಬಹಳ ಹೊತ್ತು ನೋಡಿದರು.

'ಆಧಾ ಕಹಾಂ ಗಯಾ ಬೇಟಾ?' ಎಂದರು. ಅರ್ಧ ಎಲ್ಲಿ ಹೋಯಿತು ಮಗನೇ?

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಸಂಜೆ ಗೌಡರು ಬಂದು, ಲೇತಿನವನದು ತಪ್ಪೋ ಗುಜರಿ ಮಾಲು ಕೆಟ್ಟದ್ದೋ ಎಂದು ವಿಚಾರಿಸಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. 'ಲೇತಿನವರು ಕೊಟ್ಟ ಅಳತೆಗೆ ಸರಿಯಾಗಿ ಮಾಡಿದ್ದಾರೆ. ಅಳತೆ ನನ್ನದು. ಗೇಜು ಹಚ್ಚದೆ ಕಳಿಸಿದ್ದೂ ನಾನೇ' ಎಂದರು ಅಬ್ಬಾ. ಹದಿನೈದು ದಿನದ ಕೂಲಿಯನ್ನು ಹಿಂದಕ್ಕೆ ಕೊಟ್ಟರು. ಹೊಸ ಬಿಲ್ಲೆ ಮಾಡಿಸಲು ಈ ಸಲ ತಾವೇ ಹೋದರು, ನನ್ನನ್ನೂ ಕರೆದುಕೊಂಡು. ಲೇತಿನ ಹುಡುಗ ಮಿಲ್ಲಿಮೀಟರು ಕೇಳಿದಾಗ ಅಬ್ಬಾ ಚೀಲದಿಂದ ಗೇರ್‌ಬಾಕ್ಸಿನ ಮುಂದಿನ ಕವಚವನ್ನೇ ಹೊರತೆಗೆದು ಮೇಜಿನ ಮೇಲಿಟ್ಟರು. 'ನೀವೇ ಅಳೀರಿ' ಎಂದರು. ಎರಡನೆಯ ಬಿಲ್ಲೆಯೊಡನೆ ಆ ಫಾರ್ಗೋ ಇನ್ನೂ ಆರು ವರ್ಷ ಓಡಿತು. ಗೇರು ಒಮ್ಮೆಯೂ ಹಾರಲಿಲ್ಲ.

ಎರಡು ವರ್ಷದ ಮೇಲೆ, 1999ರ ಸೆಪ್ಟೆಂಬರಿನಲ್ಲಿ, ಅಮೆರಿಕದ ನಾಸಾ ಮಂಗಳಗ್ರಹಕ್ಕೆ ಕಳಿಸಿದ ಒಂದು ನೌಕೆ ಗ್ರಹದ ಹತ್ತಿರ ಹೋಗಿ ನಾಶವಾಯಿತು. ಒಂದು ತಂಡ ಪೌಂಡಿನ ಲೆಕ್ಕದಲ್ಲಿ ಅಂಕಿ ಕೊಟ್ಟಿತ್ತು, ಇನ್ನೊಂದು ತಂಡ ಅದನ್ನು ಮೆಟ್ರಿಕ್ ಎಂದೇ ತಿಳಿದುಕೊಂಡಿತ್ತು. ಆ ವಿಷಯವನ್ನು ಅಬ್ಬಾಗೆ ಹೇಳಿದೆ, ಸ್ವಲ್ಪ ಸಮಾಧಾನವಾಗಲಿ ಎಂದು. ನನ್ನ ಸಮಾಧಾನಕ್ಕೆ ಎಂದರೂ ಸರಿಯೇ. ಅವರು ಕೇಳಿ, 'ಅದರಲ್ಲಿ ಕ್ಲೀನರ್ ಇರಲಿಲ್ಲವಲ್ಲ' ಎಂದರು.

ನಾನು ಕತೆ ಬರೆಯತೊಡಗಿದ್ದು ಆಮೇಲೆ. ಮನೆಯಲ್ಲಿ ಉರ್ದುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುವುದೇ ನನ್ನ ಕೆಲಸ. ಪ್ರತಿ ಸಲ ಬರೆಯುವಾಗಲೂ ಎಲ್ಲೋ ಅರ್ಧ ಬಿದ್ದುಹೋಗುತ್ತಿದೆ ಎನ್ನಿಸುತ್ತದೆ. ವಾಕ್ಯ ಸಲೀಸಾಗಿ ಕೂತರೆ ನನಗೆ ಭಯ ಹೆಚ್ಚು. ಸೌಹಾರ್ದದ ಸಭೆಗಳಿಗೆ ನನ್ನಂಥವರನ್ನು ಕರೆಯುತ್ತಾರೆ. ಹೋಗುತ್ತೇನೆ. 'ನಮ್ಮಲ್ಲಿ ಏನೂ ವ್ಯತ್ಯಾಸವಿಲ್ಲ, ಎಲ್ಲ ಒಂದೇ' ಎಂದು ವೇದಿಕೆಯ ಮೇಲೆ ಹೇಳುವವರ ಒಳ್ಳೆಯತನದ ಬಗ್ಗೆ ನನಗೆ ಅನುಮಾನವಿಲ್ಲ. ನೂಲೆಂದರೆ ಮೂರು ಮಿಲ್ಲಿಮೀಟರು ಎಂದು ಬರೆದ ಹುಡುಗನೂ ಕೆಟ್ಟವನಾಗಿರಲಿಲ್ಲ. ವ್ಯತ್ಯಾಸ ಇದೆ, ಇಷ್ಟು ಇದೆ ಎಂದು ಅಳೆದು ಒಪ್ಪಿಕೊಂಡ ಮೇಲೆಯೇ ನಡುವಿನ ಬಿಲ್ಲೆಯನ್ನು ಕೊರೆಯಲು ಸಾಧ್ಯ. ಇಲ್ಲವೆಂದುಕೊಂಡು ಜೋಡಿಸಿದ್ದು ಊರೊಳಗೆ ಚೆನ್ನಾಗಿಯೇ ಓಡುತ್ತದೆ. ಘಾಟಿಯಲ್ಲಿ ಕೈಕೊಡುತ್ತದೆ.

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಸವಳಂಗದ ಕೆರೆ ತುಂಬಿತ್ತು. ಬೈಕಿನ ಟಯರು ಪಂಕ್ಚರ್ ಆಯಿತೆಂದು ರಸ್ತೆ ಬದಿಯ ಅಂಗಡಿಗೆ ತಳ್ಳಿಕೊಂಡು ಹೋದರೆ, ಅಂಗಡಿ ಅವನದೇ. ಆ ಹಳೆಯ ಕ್ಲೀನರ್ ಹುಡುಗ ನನ್ನಂತೆಯೇ ಅರ್ಧ ನರೆತಿದ್ದಾನೆ. ಎಡಗಾಲನ್ನು ಎಳೆದು ನಡೆಯುತ್ತಾನೆ. ಇಪ್ಪತ್ತೇಳು ವರ್ಷ ಬಾಯಿಗೆ ಬಂದು ವಾಪಸ್ಸು ಹೋಗುತ್ತಿದ್ದ ಮಾತನ್ನು ಅಂದು ಹೇಳಿಬಿಟ್ಟೆ. ಚೀಟಿಯಲ್ಲಿ ತಪ್ಪು ಬರೆದವನು ನಾನು, ಅಬ್ಬಾ ಅಲ್ಲ. ಅರ್ಧ ಮಿಲ್ಲಿಮೀಟರು.

ಅವನು ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಿದ್ದವನು ತಲೆ ಎತ್ತಲಿಲ್ಲ.

'ಅರ್ಧ ಮಿಲ್ಲಿಮೀಟರಾ?' ಎಂದ. 'ನನ್ ಕಾಲು ಒಂದಿಂಚು ಗಿಡ್ಡ ಆಗ್ಯದೆ ಮಾರಾಯ.'

ಸ್ವಲ್ಪ ಹೊತ್ತು ಬಿಟ್ಟು, 'ನಿಮ್ಮಪ್ಪ ಎರಡು ವರ್ಷ ತಿಂಗಳು ತಿಂಗಳು ದುಡ್ಡು ತಂದು ಕೊಟ್ರು ಕಣೋ ತಾಂಡಾಕ್ಕೆ. ಕಂಪ್ರೆಸರ್ ತಗೊಂಡಿದ್ದು ಅದ್ರಲ್ಲೇ. ನಿಂಗೆ ಹೇಳಿರ್ಲಿಲ್ವಾ?' ಎಂದ.

ಹೇಳಿರಲಿಲ್ಲ. ಅಮ್ಮಿಗೂ ಹೇಳಿರಲಿಲ್ಲ. ಆ ಎರಡು ವರ್ಷ ಈದ್‌ಗೆ ಮನೆಯಲ್ಲಿ ಯಾರಿಗೂ ಹೊಸ ಬಟ್ಟೆ ಬರಲಿಲ್ಲವೆಂದು ನಾನು ಅಬ್ಬಾನ ಮೇಲೆ ಮುನಿಸಿಕೊಂಡಿದ್ದು ನೆನಪಾಯಿತು.

ಪಂಕ್ಚರ್ ಹಾಕಿ ಮುಗಿಸಿದ. ಎಷ್ಟು ಎಂದು ಕೇಳಿದೆ. ನೂರು ಎಂದ. ನಾನು ಐನೂರರ ನೋಟು ಕೊಟ್ಟು ಚಿಲ್ಲರೆ ಬೇಡ ಎಂದೆ. ಅವನು ಡಬ್ಬಿ ತೆರೆದು ನಾಲ್ಕು ನೂರು ಎಣಿಸಿ ನನ್ನ ಕೈಗಿಟ್ಟ.

'ಲೆಕ್ಕ ಅಂದ್ರೆ ಲೆಕ್ಕ' ಎಂದ.